ಬಣ್ಣದ ಸರದಿ: ಜಾಬ್ ಶಾಪ್ ವೇಳಾಪಟ್ಟಿಯ ಚರಿತ್ರೆಯನ್ನು ತಿರುಪ್ಪೂರಿನಿಂದ ಓದುವುದು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯಿಂದ ಆಯ್ದ ಮೂರು ಪ್ರಶ್ನೋತ್ತರಗಳಿವೆ.)

ಇವತ್ತಿನ ವಿಷಯ ಜಾಬ್ ಶಾಪ್ ವೇಳಾಪಟ್ಟಿಯ ಹ್ಯೂರಿಸ್ಟಿಕ್ ವಿಧಾನಗಳ ಚರಿತ್ರೆ. ಈ ಚರಿತ್ರೆಯನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಒಂದು ಓಟದ ಹಾಗೆ ಹೇಳ್ತವೆ: ಮೊದಲು ಸರಳ ನಿಯಮ, ಆಮೇಲೆ ಚುರುಕಾದ ಹುಡುಕಾಟ, ಆಮೇಲೆ ಇನ್ನೂ ಚುರುಕಾದ ಹುಡುಕಾಟ. ಅದು ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ. ಈ ವಿಧಾನಗಳು ಎಷ್ಟು ಬೇಗ ಉತ್ತರ ಕಂಡುಹಿಡಿದವು ಅನ್ನೋದು ಒಂದು ಪ್ರಶ್ನೆಯಾದರೆ, ಅವು ಏನನ್ನು ಅಳೆದವು, ಏನನ್ನು ಅಳೆಯದೆ ಬಿಟ್ಟವು ಅನ್ನೋದು ಇನ್ನೊಂದು ಪ್ರಶ್ನೆ. ಎರಡನೆಯ ಪ್ರಶ್ನೆ ಕೇಳೋದಕ್ಕೆ ನಾನು ತಿರುಪ್ಪೂರನ್ನು ಆರಿಸಿಕೊಂಡಿದ್ದೇನೆ. ಬನಿಯನ್ನು, ಟೀ ಶರ್ಟುಗಳ ಈ ಊರು ಒಂದು ದೊಡ್ಡ ಜಾಬ್ ಶಾಪ್‌ನಂತೆ ಕೆಲಸ ಮಾಡುತ್ತೆ. ಆ ಜಾಬ್ ಶಾಪ್‌ನ ಅತಿ ಮುಖ್ಯ ಯಂತ್ರಗಳನ್ನು 2011ರಲ್ಲಿ ನ್ಯಾಯಾಲಯ ನಿಲ್ಲಿಸಿತು.

1. ಸಮಸ್ಯೆ ಏನು?

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಒಂದು ಕಾರ್ಖಾನೆಯಲ್ಲಿ ಕೆಲವು ಯಂತ್ರಗಳಿವೆ, ಕೆಲವು ಕೆಲಸಗಳಿವೆ. ಪ್ರತಿ ಕೆಲಸಕ್ಕೂ ಯಂತ್ರಗಳ ಮೂಲಕ ಹಾದುಹೋಗುವ ತನ್ನದೇ ದಾರಿ ಇದೆ. ಎಲ್ಲ ಕೆಲಸಗಳೂ ಒಂದೇ ದಾರಿಯಲ್ಲಿ ಹೋದರೆ ಅದು ಫ್ಲೋ ಶಾಪ್. ಒಂದೊಂದಕ್ಕೆ ಒಂದೊಂದು ದಾರಿ ಇದ್ದರೆ ಅದು ಜಾಬ್ ಶಾಪ್. ಒಂದು ಯಂತ್ರ ಒಂದು ಸಲಕ್ಕೆ ಒಂದೇ ಕೆಲಸ ಮಾಡಬಲ್ಲದು. ಹಾಗಾದರೆ ಪ್ರತಿ ಯಂತ್ರದ ಮುಂದೆ ಕೆಲಸಗಳನ್ನು ಯಾವ ಸರದಿಯಲ್ಲಿ ನಿಲ್ಲಿಸಬೇಕು? ಸಾಮಾನ್ಯವಾಗಿ ಗುರಿ ಒಂದೇ: ಕೊನೆಯ ಕೆಲಸ ಮುಗಿಯುವ ಹೊತ್ತು ಆದಷ್ಟು ಬೇಗ ಬರಬೇಕು. ಇದಕ್ಕೆ ಮೇಕ್‌ಸ್ಪ್ಯಾನ್ ಅಂತಾರೆ.

ಕೇಳೋಕೆ ಸುಲಭ. ಆದರೆ 10 ಕೆಲಸ, 10 ಯಂತ್ರ ಇದ್ದರೆ ಒಂದು ಯಂತ್ರದ ಮುಂದೆ 36,28,800 ಬಗೆಯ ಸರದಿಗಳು ಸಾಧ್ಯ. ಹತ್ತು ಯಂತ್ರಗಳಿಗೂ ಸೇರಿಸಿದರೆ ಬರುವ ಸಂಖ್ಯೆ ಸುಮಾರಾಗಿ 4ರ ಮುಂದೆ 65 ಸೊನ್ನೆ. ಇವುಗಳಲ್ಲಿ ಎಷ್ಟೋ ಕಾರ್ಯಸಾಧ್ಯ ಅಲ್ಲ, ನಿಜ. ಆದರೂ ಒಂದೊಂದನ್ನೇ ಎಣಿಸಿ ನೋಡೋದು ಯಾವ ಕಂಪ್ಯೂಟರಿಗೂ ಆಗದ ಮಾತು. ಆದ್ದರಿಂದಲೇ ಹ್ಯೂರಿಸ್ಟಿಕ್ ಬೇಕಾಗೋದು. ಅಂದ್ರೆ, ಅತ್ಯುತ್ತಮ ಅಂತ ಖಾತರಿ ಕೊಡದಿದ್ದರೂ ಸಾಕಷ್ಟು ಒಳ್ಳೆಯ ಉತ್ತರವನ್ನು ಬೇಗ ಕೊಡುವ ವಿಧಾನ.

2. ತಿರುಪ್ಪೂರು ಜಾಬ್ ಶಾಪ್ ಆದದ್ದು

ಕನ್ನಡದಲ್ಲಿ ಮಾತಾಡುವ ನಮಗೆ ಈ ಸೀಮೆ ಅಷ್ಟೇನೂ ದೂರದ್ದಲ್ಲ. 1799ರವರೆಗೆ ಕೊಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರು ಇವತ್ತಿಗೂ ಆ ಸೀಮೆಯಲ್ಲಿದ್ದಾರೆ. ಕೈಮಗ್ಗದಲ್ಲೂ ಸರದಿಯ ಪ್ರಶ್ನೆ ಇದ್ದೇ ಇತ್ತು: ನೂಲಿಗೆ ಬಣ್ಣ, ಹಾಸು ಹೂಡೋದು, ಗಂಜಿ ಹಾಕೋದು, ನೇಯೋದು. ಆದರೆ ಅಲ್ಲಿ ಬಹುಪಾಲು ಕೆಲಸ ಒಂದೇ ಮನೆಯ, ಒಂದೇ ಬೀದಿಯ ಕೈಗಳಲ್ಲಿ ಮುಗೀತಿತ್ತು. ಹೆಣಿಗೆ ಬಟ್ಟೆಯ ಕಥೆ ಬೇರೆ.

ತಿರುಪ್ಪೂರಿನಲ್ಲಿ ಹೆಣಿಗೆ ಘಟಕ ಶುರುವಾದದ್ದು 1925ರ ಸುಮಾರಿಗೆ. ದಶಕಗಳ ಕಾಲ ಅದು ಬನಿಯನ್ ತಯಾರಿಸಿ ದೇಶದೊಳಗೆ ಮಾರುವ ಊರಾಗಿತ್ತು. 1970ರ ದಶಕದ ಕೊನೆಯಿಂದ ಯುರೋಪಿನ ಖರೀದಿದಾರರು ಬಂದರು. 1980ರ ದಶಕದಲ್ಲಿ ರಫ್ತು ಬೆಳೆಯಿತು. 1990ರಲ್ಲಿ ತಿರುಪ್ಪೂರು ರಫ್ತುದಾರರ ಸಂಘ ಹುಟ್ಟಿತು. 2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ ತಿರುಪ್ಪೂರು ಜಿಲ್ಲೆ ಮಾಡಿದರು.

ಇಷ್ಟು ದೊಡ್ಡ ಉದ್ಯಮ ಒಂದು ದೊಡ್ಡ ಕಾರ್ಖಾನೆಯ ಚಾವಣಿಯ ಕೆಳಗೆ ಬರಲಿಲ್ಲ. ಸಾವಿರಾರು ಚಿಕ್ಕ ಘಟಕಗಳಾಗಿ ಹರಡಿತು. ಒಬ್ಬರು ನಿಟ್ಟಿಂಗ್ ಮಾತ್ರ ಮಾಡ್ತಾರೆ, ಒಬ್ಬರು ಡೈಯಿಂಗ್, ಇನ್ನೊಬ್ಬರು ಕಾಂಪ್ಯಾಕ್ಟಿಂಗ್, ಮತ್ತೊಬ್ಬರು ಪ್ರಿಂಟಿಂಗ್, ಎಂಬ್ರಾಯಿಡರಿ. ಹೊಲಿಗೆಗೆ ಪವರ್ ಟೇಬಲ್ ಘಟಕಗಳು. ಆರ್ಡರ್ ಹಿಡಿದ ರಫ್ತುದಾರ ಇವರೆಲ್ಲರಿಗೂ ಕೂಲಿ ಕೊಟ್ಟು ಕೆಲಸ ಮಾಡಿಸ್ತಾನೆ. ಆ ಊರಿನ ಭಾಷೆಯಲ್ಲೇ ಇದಕ್ಕೆ ಹೆಸರು ‘ಜಾಬ್ ವರ್ಕ್’.

ಯಾಕೆ ಹೀಗಾಯ್ತು? ಕಾರಣ ಒಂದಲ್ಲ. ಹೆಣಿಗೆ ಉಡುಪು 2005ರವರೆಗೆ ಸಣ್ಣ ಕೈಗಾರಿಕೆಗೆ ಮೀಸಲಾಗಿತ್ತು. ದೊಡ್ಡದಾಗಿ ಬೆಳೆಯೋದಕ್ಕೆ ಕಾನೂನಿನ ಮಿತಿ ಇತ್ತು. ಕಾರ್ಮಿಕ ಕಾನೂನು ತಪ್ಪಿಸಿಕೊಳ್ಳಲು ಮಾಲೀಕರು ಘಟಕ ಒಡೆದದ್ದೂ ಉಂಟು. 1984ರಲ್ಲಿ ತುಟ್ಟಿಭತ್ಯೆಗಾಗಿ ಕಾರ್ಮಿಕರು ಸುಮಾರು ನಾಲ್ಕು ತಿಂಗಳು ಮುಷ್ಕರ ಮಾಡಿದ ಮೇಲೆ ಕೆಲಸ ಇನ್ನಷ್ಟು ಹಂಚಿಹೋಯ್ತು. ಇಲ್ಲಿ ಅಧ್ಯಯನ ಮಾಡಿದ ಪಮೇಲಾ ಕಾಥಾರ್ನ್ ಈ ಬಗೆಯ ಬಂಡವಾಳವನ್ನು ಅಮೀಬಾಕ್ಕೆ ಹೋಲಿಸಿದರು: ಅದು ಬೆಳೆಯೋದು ಒಡೆದುಕೊಂಡು. ಶರದ್ ಚಾರಿ 2004ರ ತಮ್ಮ ಪುಸ್ತಕದಲ್ಲಿ, ರೈತಾಪಿ ಗೌಂಡರ್ ಸಮುದಾಯದಿಂದ ಬಂದ ಕೆಲಸಗಾರರು ಹೇಗೆ ಮಾಲೀಕರಾದರು ಅನ್ನೋದನ್ನ ವಿವರವಾಗಿ ಬರೆದರು.

ಈಗ ದಾರಿಗಳನ್ನು ನೋಡಿ. ಒಂದೇ ಬಣ್ಣದ ಟೀ ಶರ್ಟಾದರೆ ಮೊದಲು ಹೆಣಿಗೆ, ಆಮೇಲೆ ಬಟ್ಟೆಗೆ ಬಣ್ಣ, ಕಾಂಪ್ಯಾಕ್ಟಿಂಗ್, ಕಟಿಂಗ್, ಹೊಲಿಗೆ. ಪಟ್ಟೆಪಟ್ಟೆಯದಾದರೆ ಮೊದಲು ನೂಲಿಗೆ ಬಣ್ಣ, ಆಮೇಲೆ ಹೆಣಿಗೆ. ಎದೆಯ ಮೇಲೆ ಚಿತ್ರ ಬೇಕಾದರೆ ಕತ್ತರಿಸಿದ ತುಂಡುಗಳು ಪ್ರಿಂಟಿಂಗಿಗೆ ಹೋಗಿ ವಾಪಸ್ ಬರಬೇಕು. ಕೆಲವಕ್ಕೆ ಹೊಲಿದ ಮೇಲೆ ತೊಳೆಯುವ ಕೆಲಸ. ಒಂದೊಂದು ಆರ್ಡರಿಗೆ ಒಂದೊಂದು ದಾರಿ, ದಾರಿಗಳೆಲ್ಲ ಹಾದುಹೋಗುವುದು ಅವೇ ಯಂತ್ರಗಳ ಮುಂದೆ. ಪಠ್ಯಪುಸ್ತಕದ ಜಾಬ್ ಶಾಪ್ ಇದೇ ತಾನೆ? ವ್ಯತ್ಯಾಸ ಇಷ್ಟೇ: ಪಠ್ಯಪುಸ್ತಕದಲ್ಲಿ ಎಲ್ಲ ಯಂತ್ರಗಳಿಗೂ ಒಬ್ಬನೇ ಯಜಮಾನ, ತಿರುಪ್ಪೂರಿನಲ್ಲಿ ಯಂತ್ರಕ್ಕೊಬ್ಬ ಯಜಮಾನ.

3. ನಿಯಮಗಳ ಕಾಲ: 1954ರಿಂದ 1976

ಈಗ ವಿಧಾನಗಳ ಚರಿತ್ರೆಗೆ ಬರೋಣ. 1910ರ ದಶಕದಲ್ಲಿ ಹೆನ್ರಿ ಗ್ಯಾಂಟ್‌ನ ಪಟ್ಟಿ ಪ್ರಚಾರಕ್ಕೆ ಬಂತು. ಅದು ಸರದಿಯನ್ನು ತೋರಿಸ್ತಿತ್ತು. ಯಾವ ಸರದಿ ಒಳ್ಳೆಯದು ಅಂತ ಹೇಳ್ತಿರಲಿಲ್ಲ. ಆ ಪ್ರಶ್ನೆಗೆ ಗಣಿತದ ಮೊದಲ ಸ್ಪಷ್ಟ ಉತ್ತರ ಕೊಟ್ಟವರು ಅಮೆರಿಕದ ರ‍್ಯಾಂಡ್ ಸಂಸ್ಥೆಯ ಸೆಲ್ಮರ್ ಜಾನ್ಸನ್, 1954ರಲ್ಲಿ. ಎಲ್ಲ ಕೆಲಸಗಳೂ ಮೊದಲು ಒಂದನೇ ಯಂತ್ರಕ್ಕೆ, ಆಮೇಲೆ ಎರಡನೇ ಯಂತ್ರಕ್ಕೆ ಹೋಗೋದಾದರೆ ಅವರ ನಿಯಮ ಅತ್ಯುತ್ತಮ ಸರದಿಯನ್ನೇ ಕೊಡುತ್ತೆ.

ತಿರುಪ್ಪೂರಿನ ಯಂತ್ರಗಳನ್ನೇ ಇಟ್ಟುಕೊಂಡು ಒಂದು ಉದಾಹರಣೆ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು. ಮೂರು ಲಾಟ್‌ಗಳಿವೆ. ‘ಅ’ಗೆ ಬಣ್ಣ 6 ಗಂಟೆ, ಕಾಂಪ್ಯಾಕ್ಟಿಂಗ್ 2 ಗಂಟೆ. ‘ಆ’ಗೆ 3 ಮತ್ತು 5. ‘ಇ’ಗೆ 5 ಮತ್ತು 4. ಜಾನ್ಸನ್ ನಿಯಮ ಹೇಳೋದು: ಎಲ್ಲಕ್ಕಿಂತ ಚಿಕ್ಕ ಅಂಕಿ ಹುಡುಕಿ. ಅದು ಎರಡನೇ ಯಂತ್ರದ್ದಾದರೆ ಆ ಲಾಟನ್ನು ಕೊನೆಗೆ ಹಾಕಿ, ಮೊದಲನೇ ಯಂತ್ರದ್ದಾದರೆ ಮೊದಲಿಗೆ ಹಾಕಿ, ಉಳಿದವಕ್ಕೂ ಹೀಗೇ ಮಾಡಿ. ಇಲ್ಲಿ ಚಿಕ್ಕದು ‘ಅ’ದ 2, ಆದ್ದರಿಂದ ‘ಅ’ ಕೊನೆಗೆ. ಆಮೇಲೆ ‘ಆ’ದ 3, ಆದ್ದರಿಂದ ‘ಆ’ ಮೊದಲಿಗೆ. ಸರದಿ ಆ, ಇ, ಅ. ಎಲ್ಲ ಮುಗಿಯೋದು 16 ಗಂಟೆಗೆ. ಅದೇ ಅ, ಇ, ಆ ಅಂತ ಹಾಕಿದರೆ 20 ಗಂಟೆ. ಯಂತ್ರ ಅವೇ, ಕೆಲಸ ಅಷ್ಟೇ. ಸರದಿ ಬದಲಾದ್ದಕ್ಕೆ ನಾಲ್ಕು ಗಂಟೆ ವ್ಯತ್ಯಾಸ.

ಜಾನ್ಸನ್ ಲೇಖನದ ಶೀರ್ಷಿಕೆಯಲ್ಲಿ ಒಂದು ಮಾತಿದೆ: ಈ ವೇಳಾಪಟ್ಟಿಗಳಲ್ಲಿ ಸೆಟಪ್ ಸಮಯವೂ ‘ಸೇರಿದೆ’ ಅಂತ. ಯಂತ್ರವನ್ನು ಮುಂದಿನ ಕೆಲಸಕ್ಕೆ ಸಿದ್ಧಮಾಡುವ ಸಮಯವನ್ನು ಆ ಕೆಲಸದ ಗಂಟೆಗಳಲ್ಲೇ ಸೇರಿಸಿಬಿಟ್ಟಿದ್ದಾರೆ. ದಯವಿಟ್ಟು ಈ ‘ಸೇರಿದೆ’ ಅನ್ನೋ ಪದವನ್ನು ನೆನಪಿಟ್ಟುಕೊಳ್ಳಿ. ನಾವು ಇದಕ್ಕೆ ಮತ್ತೆ ಬರಬೇಕಾಗುತ್ತೆ.

ಮುಂದಿನ ವರ್ಷಗಳಲ್ಲಿ ಸರದಿ ನಿಯಮಗಳು ಬಂದವು. 1955ರಲ್ಲಿ ಜೆ. ಆರ್. ಜ್ಯಾಕ್ಸನ್, ಒಂದೇ ಯಂತ್ರ ಇದ್ದಾಗ ಗಡುವು ಹತ್ತಿರ ಇರುವ ಕೆಲಸ ಮೊದಲು ಮಾಡಿದರೆ ಅತಿ ಹೆಚ್ಚಿನ ವಿಳಂಬ ಕನಿಷ್ಠವಾಗುತ್ತೆ ಅಂತ ತೋರಿಸಿದರು. 1956ರಲ್ಲಿ ಡಬ್ಲ್ಯು. ಇ. ಸ್ಮಿತ್, ಚಿಕ್ಕ ಕೆಲಸ ಮೊದಲು ಮಾಡಿದರೆ ಸರಾಸರಿ ಕಾಯುವಿಕೆ ಕಡಿಮೆ ಆಗುತ್ತೆ ಅಂತ ತೋರಿಸಿದರು. 1960ರಲ್ಲಿ ಗಿಫ್ಲರ್ ಮತ್ತು ಥಾಮ್ಸನ್, ಇಂಥ ನಿಯಮಗಳಿಂದ ಜಾಬ್ ಶಾಪ್‌ಗೆ ವೇಳಾಪಟ್ಟಿ ಕಟ್ಟುವ ಕ್ರಮವನ್ನು ಕೊಟ್ಟರು. ಮೇಸ್ತ್ರಿಗಳು ತಲೆಯಲ್ಲಿ ಇಟ್ಟುಕೊಂಡು ನಡೆಸ್ತಿದ್ದ ನಿಯಮಗಳೇ ಇವು, ಈಗ ಕಾಗದಕ್ಕೆ ಬಂದವು.

1963ರಲ್ಲಿ ಫಿಶರ್ ಮತ್ತು ಥಾಮ್ಸನ್ ಮೂರು ಮಾದರಿ ಸಮಸ್ಯೆಗಳನ್ನು ಪ್ರಕಟಿಸಿದರು. ಅವುಗಳಲ್ಲಿ 10 ಕೆಲಸ, 10 ಯಂತ್ರದ ಸಮಸ್ಯೆ ಈ ಕ್ಷೇತ್ರದ ದಂತಕಥೆಯೇ ಆಯ್ತು. ಅದರ ಉತ್ತರ 930 ಅಂತ ಇವತ್ತು ಎಲ್ಲರಿಗೂ ಗೊತ್ತು. ಆದರೆ 930ರ ವೇಳಾಪಟ್ಟಿ ಸಿಕ್ಕಿದ್ದು 1984ರಲ್ಲಿ. ಅದಕ್ಕಿಂತ ಒಳ್ಳೆಯದು ಸಾಧ್ಯವೇ ಇಲ್ಲ ಅನ್ನೋ ಸಾಧನೆಯನ್ನು ಕಾರ್ಲಿಯೆ ಮತ್ತು ಪಿನ್ಸನ್ ಪ್ರಕಟಿಸಿದ್ದು 1989ರಲ್ಲಿ. ಒಂದು ಪುಟ ತುಂಬದ ಸಮಸ್ಯೆಗೆ 26 ವರ್ಷ!

ಯಾಕಿಷ್ಟು ಕಷ್ಟ ಅನ್ನೋದಕ್ಕೆ 1976ರಲ್ಲಿ ಗ್ಯಾರಿ, ಜಾನ್ಸನ್ ಮತ್ತು ರವಿ ಸೇಠಿ ಉತ್ತರ ಕೊಟ್ಟರು. (ಈ ಜಾನ್ಸನ್ ಬೇರೆ, ಡೇವಿಡ್ ಜಾನ್ಸನ್.) ಜಾಬ್ ಶಾಪ್ ಎರಡೇ ಯಂತ್ರಗಳಿದ್ದರೂ, ಫ್ಲೋ ಶಾಪ್ ಮೂರು ಯಂತ್ರಗಳಾದ ಕೂಡಲೇ, ಎನ್‌ಪಿ-ಹಾರ್ಡ್ ವರ್ಗಕ್ಕೆ ಸೇರುತ್ತೆ. ಅಂದ್ರೆ, ಎಲ್ಲ ಸಂದರ್ಭಕ್ಕೂ ವೇಗವಾಗಿ ಅತ್ಯುತ್ತಮ ಉತ್ತರ ಕೊಡುವ ವಿಧಾನ ಸಿಗಬಹುದು ಅನ್ನೋ ಆಸೆ ಹೆಚ್ಚುಕಡಿಮೆ ಬಿಡಬೇಕು. ಹ್ಯೂರಿಸ್ಟಿಕ್ ಅನ್ನೋದು ಅಲ್ಲಿಯವರೆಗೆ ಸ್ವಲ್ಪ ಸಂಕೋಚದ ವಿಷಯವಾಗಿತ್ತು. 1976ರ ನಂತರ ಅದಕ್ಕೆ ಗೌರವದ ಸ್ಥಾನ ಸಿಕ್ತು.

4. ಹುಡುಕಾಟದ ಕಾಲ: 1983ರಿಂದ ಈಚೆಗೆ

1980ರ ದಶಕದಲ್ಲಿ ಎರಡು ಹೊಸ ಯೋಚನೆಗಳು ಬಂದವು. ಮೊದಲನೆಯದು ಅಡಚಣೆಯ ಯಂತ್ರವನ್ನು ಹುಡುಕೋದು. 1988ರಲ್ಲಿ ಆಡಮ್ಸ್, ಬಾಲಾಶ್ ಮತ್ತು ಜಾವಾಕ್, ಯಾವ ಯಂತ್ರ ಎಲ್ಲರನ್ನೂ ಕಾಯಿಸ್ತಿದೆಯೋ ಅದರ ಸರದಿಯನ್ನು ಮೊದಲು ಸರಿಮಾಡಿ, ಆಮೇಲೆ ಮುಂದಿನ ಅಡಚಣೆಗೆ ಹೋಗಿ, ಪ್ರತಿ ಸಲವೂ ಹಿಂದಿನವನ್ನು ಮತ್ತೆ ಸರಿಪಡಿಸುತ್ತಾ ಬನ್ನಿ ಅಂದರು. ‘ಸರಿಯುವ ಅಡಚಣೆ’ಯ ವಿಧಾನ ಇದು.

ಎರಡನೆಯದು ಒಂದು ವೇಳಾಪಟ್ಟಿಯಿಂದ ಶುರುಮಾಡಿ, ಅಕ್ಕಪಕ್ಕದ ವೇಳಾಪಟ್ಟಿಗಳಿಗೆ ಜಿಗಿಯುತ್ತಾ ಹುಡುಕೋದು. 1983ರಲ್ಲಿ ಬಂದ ಸಿಮ್ಯುಲೇಟೆಡ್ ಅನೀಲಿಂಗ್, ಕಾಯಿಸಿದ ಲೋಹ ನಿಧಾನವಾಗಿ ತಣಿಯುವ ಕ್ರಮದಿಂದ ಪಾಠ ಕಲಿತದ್ದು: ಮೊದಮೊದಲು ಕೆಟ್ಟ ಜಿಗಿತಗಳಿಗೂ ಅವಕಾಶ ಕೊಡುತ್ತೆ, ಹೋಗ್ತಾ ಹೋಗ್ತಾ ಬಿಗಿಮಾಡುತ್ತೆ. 1986ರಲ್ಲಿ ಫ್ರೆಡ್ ಗ್ಲೋವರ್ ಹೆಸರಿಟ್ಟ ಟ್ಯಾಬೂ ಹುಡುಕಾಟ, ಈಗಷ್ಟೇ ಬಿಟ್ಟುಬಂದ ಜಾಗಕ್ಕೆ ಸ್ವಲ್ಪ ಹೊತ್ತು ವಾಪಸ್ ಹೋಗಬೇಡ ಅನ್ನುತ್ತೆ. ಜೆನೆಟಿಕ್ ಅಲ್ಗಾರಿದಮ್ಮನ್ನು ಜಾಬ್ ಶಾಪ್‌ಗೆ ಹಚ್ಚುವ ಪ್ರಯತ್ನ 1985ರಷ್ಟು ಹಿಂದೆಯೇ ಆಗಿದೆ. 1996ರಲ್ಲಿ ಪೋಲೆಂಡಿನ ನೋವಿಟ್‌ಸ್ಕಿ ಮತ್ತು ಸ್ಮುಟ್‌ನಿಟ್‌ಸ್ಕಿ ಪ್ರಕಟಿಸಿದ ಟ್ಯಾಬೂ ವಿಧಾನ, ಆ ಹಳೆಯ 10×10 ಸಮಸ್ಯೆಗೆ 930ರ ಉತ್ತರವನ್ನು ಆಗಿನ ಸಾಧಾರಣ ಪಿಸಿಯಲ್ಲಿ ಒಂದು ನಿಮಿಷದೊಳಗೆ ಹುಡುಕಿತು.

ನಮ್ಮ ಕಡೆಯ ಕೊಡುಗೆಯೂ ಇದೆ. ಮದ್ರಾಸ್ ಐಐಟಿಯ ಚಂದ್ರಶೇಖರನ್ ರಾಜೇಂದ್ರನ್, ಓ. ಹೋಲ್ಟ್‌ಹಾಸ್ ಜೊತೆ 1997ರಲ್ಲಿ ಪ್ರಕಟಿಸಿದ ಜಾಬ್ ಶಾಪ್ ಸರದಿ ನಿಯಮಗಳನ್ನು ಇವತ್ತಿಗೂ ಹೋಲಿಕೆಗೆ ಇಟ್ಟುಕೊಳ್ತಾರೆ. ಹೊಸ ಕೆಲಸಗಳು ಬರುತ್ತಲೇ ಇರುವ ಕಾರ್ಖಾನೆಗೆ ಬೇಕಾದ ನಿಯಮಗಳು ಅವು. ಎಲ್ಲವೂ ಮೊದಲೇ ಗೊತ್ತಿರುವ ಕಾಗದದ ಸಮಸ್ಯೆಗಲ್ಲ.

1954ರಿಂದ 1996. ನಲವತ್ತೆರಡು ವರ್ಷಗಳಲ್ಲಿ ಬುದ್ಧಿವಂತಿಕೆ ಎಷ್ಟು ಬೆಳೀತು! ಆದರೆ ಪೈಪೋಟಿಯ ಮಾದರಿ ಸಮಸ್ಯೆಗಳನ್ನು ಒಮ್ಮೆ ತೆರೆದು ನೋಡಿ. 1963ರದ್ದಾಗಲಿ, ಲಾರೆನ್ಸ್‌ನ 1984ರ 40 ಸಮಸ್ಯೆಗಳಾಗಲಿ, ತಾಯಾರ್‌ನ 1993ರ ಸಮಸ್ಯೆಗಳಾಗಲಿ, ಪ್ರತಿ ಸಾಲಿನಲ್ಲೂ ಇರೋದು ಎರಡೇ ಸಂಗತಿ: ಯಂತ್ರದ ಸಂಖ್ಯೆ, ಬೇಕಾದ ಸಮಯ. ಯಜಮಾನ ಇಲ್ಲ, ಕೆಲಸಗಾರ ಇಲ್ಲ, ನೀರು ಇಲ್ಲ. ಗುರಿ ಬಹುಪಾಲು ಮೇಕ್‌ಸ್ಪ್ಯಾನ್.

5. ಸೆಟಪ್ ಅನ್ನೋ ಪದದೊಳಗಿನ ನೀರು

ಈಗ ಜಾನ್ಸನ್ನರ ‘ಸೇರಿದೆ’ಗೆ ವಾಪಸ್ ಬರೋಣ. ಡೈಯಿಂಗ್ ಘಟಕದಲ್ಲಿ, ತಮಿಳಿನಲ್ಲಿ ಸಾಯಪಟ್ಟರೈ ಅಂತಾರೆ, ಸೆಟಪ್ ಅನ್ನೋದು ಹಿಂದಿನ ಕೆಲಸ ಯಾವುದು ಅನ್ನೋದರ ಮೇಲೆ ನಿಂತಿದೆ. ತಿಳಿ ಬಣ್ಣದ ಮೇಲೆ ಗಾಢ ಬಣ್ಣ ಹಾಕೋಕೆ ಯಂತ್ರವನ್ನು ವಿಶೇಷವಾಗಿ ತೊಳೆಯಬೇಕಾಗಿಲ್ಲ. ಕಪ್ಪು ಆದಮೇಲೆ ತಿಳಿಹಳದಿ ಹಾಕಬೇಕಾದರೆ ಯಂತ್ರವನ್ನು ಬಿಸಿನೀರು ಹಾಕಿ ತೊಳೆಯಲೇಬೇಕು, ಇಲ್ಲದಿದ್ದರೆ ಹಳದಿ ಕೊಳಕಾಗುತ್ತೆ. ಆದ್ದರಿಂದ ಬಣ್ಣಗಾರರ ಹಳೆಯ ನಿಯಮ: ತಿಳಿಯಿಂದ ಗಾಢಕ್ಕೆ. ಯಾವ ಪುಸ್ತಕ ಓದದೆಯೂ ಅವರಿಗೆ ಗೊತ್ತಿರುವ ಹ್ಯೂರಿಸ್ಟಿಕ್ ಇದು. ವಿದ್ವತ್ ಸಾಹಿತ್ಯದಲ್ಲಿ ಇದಕ್ಕೆ ‘ಸರದಿಯನ್ನು ಅವಲಂಬಿಸಿದ ಸೆಟಪ್’ ಅಂತ ಹೆಸರು. ಆ ಬಗ್ಗೆ ಬಂದ ಬರಹಗಳ ವಿಸ್ತಾರವಾದ ಸಮೀಕ್ಷೆಯನ್ನು ಅಲ್ಲಾವರ್ದಿ, ಗುಪ್ತಾ ಮತ್ತು ಅಲ್ದೋವೈಸಾನ್ 1999ರಲ್ಲಿ ಪ್ರಕಟಿಸಿದರು.

ಇನ್ನೊಂದು ಸಣ್ಣ ಲೆಕ್ಕ. 500 ಕಿಲೋ ಬಟ್ಟೆ ಹಿಡಿಸುವ ಯಂತ್ರ. ಹಳೆಯ ವಿಂಚ್ ಯಂತ್ರದಲ್ಲಿ ಕಿಲೋಗೆ ಸುಮಾರು 20 ಲೀಟರ್ ಅಂತ ಇಟ್ಟುಕೊಂಡರೆ ಒಂದು ಸಲ ತುಂಬೋಕೆ 10,000 ಲೀಟರ್. ಸಾಫ್ಟ್ ಫ್ಲೋ ಯಂತ್ರದಲ್ಲಿ ಕಿಲೋಗೆ 8 ಲೀಟರ್ ಅಂದರೂ 4,000 ಲೀಟರ್. ಈಗ ನಾಲ್ಕು ಲಾಟ್: ಬಿಳಿ, ಹಳದಿ, ಕೆಂಪು, ಕಪ್ಪು. ಇದೇ ಸರದಿಯಲ್ಲಿ ಹೋದರೆ ನಡುವೆ ಯಂತ್ರ ತೊಳೆಯುವ ಕೆಲಸ ಇಲ್ಲ. ಆದರೆ ಕಪ್ಪಿನ ಗಡುವು ಹತ್ತಿರ ಇದೆ, ಆಮೇಲೆ ಬಿಳಿ, ಕೆಂಪು, ಹಳದಿ ಅಂತ ಗಡುವಿನ ಸರದಿ ಹಿಡಿದರೆ ಎರಡು ಸಲ ತೊಳೆಯಬೇಕು: ಕಪ್ಪಿನಿಂದ ಬಿಳಿಗೆ ಒಮ್ಮೆ, ಕೆಂಪಿನಿಂದ ಹಳದಿಗೆ ಒಮ್ಮೆ. ತೊಳೆಯೋಕೆ ಒಂದೊಂದು ಸಲ ತುಂಬಿದರೆ ಸಾಕು ಅಂದುಕೊಂಡರೂ ವಿಂಚ್‌ನಲ್ಲಿ 20,000 ಲೀಟರ್, ಸಾಫ್ಟ್ ಫ್ಲೋನಲ್ಲಿ 8,000 ಲೀಟರ್.

ವೇಳಾಪಟ್ಟಿಯ ಲೆಕ್ಕದಲ್ಲಿ ಇದು ಎರಡು ಸೆಟಪ್, ಇಷ್ಟು ನಿಮಿಷ. ನೀರಿನ ಲೆಕ್ಕದಲ್ಲಿ ಇದು ಬಣ್ಣದ ಕೊಳೆ ಹೊತ್ತು ಹೊರಗೆ ಹೋಗುವ ಸಾವಿರಾರು ಲೀಟರ್. ಮಾದರಿಯಲ್ಲಿ ನಿಮಿಷಕ್ಕೆ ಜಾಗ ಇತ್ತು, ಲೀಟರಿಗೆ ಇರಲಿಲ್ಲ. ಗಣಿತಜ್ಞರದ್ದೇ ತಪ್ಪು ಅಂತ ನಾನು ಹೇಳ್ತಿಲ್ಲ. ಕಾರ್ಖಾನೆಯ ಖರ್ಚಿನ ಪುಸ್ತಕದಲ್ಲೇ ಹೊರಗೆ ಬಿಟ್ಟ ನೀರಿಗೆ ಸಾಲು ಇರಲಿಲ್ಲ. ಖರ್ಚೇ ಇಲ್ಲದ್ದನ್ನು ಕಡಿಮೆ ಮಾಡೋಕೆ ಯಾರು ಸೂತ್ರ ಬರೀತಾರೆ?

6. ನೊಯ್ಯಲ್ ಮತ್ತು 2011ರ ಜನವರಿ 28

ಆ ನೀರು ಹೋಗಿದ್ದು ನೊಯ್ಯಲ್ ನದಿಗೆ. ವೆಳ್ಳಿಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು, ತಿರುಪ್ಪೂರು ದಾಟಿ, ಕರೂರು ಜಿಲ್ಲೆಯಲ್ಲಿ ಕಾವೇರಿಗೆ ಸೇರುವ ನದಿ ಇದು. 1990ರ ದಶಕದ ಆರಂಭದಲ್ಲಿ ಅದಕ್ಕೆ ಒರತ್ತುಪಾಳಯಂನಲ್ಲಿ ನೀರಾವರಿಗಾಗಿ ಅಣೆಕಟ್ಟು ಕಟ್ಟಿದರು. ರಫ್ತು ಭರ್ಜರಿಯಾಗಿ ಬೆಳೀತಿದ್ದ ವರ್ಷಗಳೂ ಅವೇ. ಅಣೆಕಟ್ಟು ಬಣ್ಣದ ನೀರಿನ ಗುಂಡಿಯಾಯ್ತು. ಕೆಳಗಿನ ರೈತರ ಬಾವಿಗಳು ಉಪ್ಪಾದವು. ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣ ಹಿಡಿಯೋಕೆ ತುಂಬಾ ಉಪ್ಪು ಬೇಕು. ಮೊದಲು ಕಟ್ಟಿದ ಸಾಮೂಹಿಕ ಸಂಸ್ಕರಣಾ ಘಟಕಗಳು ಬಣ್ಣವನ್ನು ಎಷ್ಟೋ ತೆಗೆದವು. ಕರಗಿದ ಉಪ್ಪನ್ನು ತೆಗೆಯೋಕೆ ಅವುಗಳಿಂದ ಆಗಲಿಲ್ಲ.

ರೈತರು ನ್ಯಾಯಾಲಯಕ್ಕೆ ಹೋದರು. 2006ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್, ಹೊರಗೆ ಒಂದು ಹನಿ ಬಿಡದ ವ್ಯವಸ್ಥೆಗೆ ಗಡುವು ಕೊಟ್ಟು ದಂಡವನ್ನೂ ಹೇಳಿತು. 2009ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಡುವುಗಳು ಕಳೆದುಹೋದವು. 2011ರ ಜನವರಿ 28ರಂದು ಹೈಕೋರ್ಟ್ ಡೈಯಿಂಗ್ ಮತ್ತು ಬ್ಲೀಚಿಂಗ್ ಘಟಕಗಳನ್ನು ಮುಚ್ಚಲು ಆದೇಶಿಸಿತು. 700ಕ್ಕೂ ಹೆಚ್ಚು ಘಟಕಗಳು ನಿಂತವು.

ಸರಿಯುವ ಅಡಚಣೆಯ ವಿಧಾನ ಓದಿದವರಿಗೆ ಮುಂದೆ ಏನಾಯ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಹೆಣಿಗೆಯ ಯಂತ್ರ ಸರಿಯಾಗಿದೆ, ಹೊಲಿಗೆಯ ಯಂತ್ರ ಸರಿಯಾಗಿದೆ, ನಡುವಿನ ಒಂದು ಹಂತ ಇಲ್ಲ. ಬಟ್ಟೆ ಬಣ್ಣಕ್ಕಾಗಿ ಬೇರೆ ಊರುಗಳಿಗೆ, ಬೇರೆ ರಾಜ್ಯಗಳಿಗೆ ಹೋಯ್ತು. ಅಕ್ಕಪಕ್ಕದ ಜಿಲ್ಲೆಗಳಲ್ಲಿ ಕದ್ದುಮುಚ್ಚಿ ಬಣ್ಣ ಹಾಕೋದು ಶುರುವಾಯ್ತು ಅನ್ನೋ ದೂರುಗಳೂ ಬಂದವು. ಇತ್ತ ಖರೀದಿದಾರನ ಹಡಗಿನ ದಿನಾಂಕ ಬದಲಾಗಲ್ಲ. ಹಾಗಾದರೆ ಕಳೆದುಹೋದ ದಿನಗಳನ್ನು ಎಲ್ಲಿಂದ ತರೋದು? ಅಡಚಣೆಯ ನಂತರದ ಹಂತದಿಂದ, ಅಂದ್ರೆ ಹೊಲಿಗೆಯಿಂದ. ತಿರುಪ್ಪೂರಿನ ಕಾರ್ಮಿಕರ ಮಾತಿನಲ್ಲಿ ‘ಒಂದೂವರೆ ಶಿಫ್ಟ್’ ಅನ್ನೋದು ದಿನನಿತ್ಯದ ಪದ: ಹನ್ನೆರಡು ಗಂಟೆ. ಬಟ್ಟೆ ಬರೋವರೆಗೆ ಕೆಲಸ ಇಲ್ಲ, ಬಂದಮೇಲೆ ರಾತ್ರಿಯೂ ಕೆಲಸ. ತುಂಡಿಗೆ ಇಷ್ಟು ಅಂತ ಕೂಲಿ ಪಡೆಯುವವರಿಗೆ ಕಾದ ಹೊತ್ತಿಗೆ ಸಂಬಳ ಇಲ್ಲ. ಗ್ಯಾಂಟ್ ಪಟ್ಟಿಯಲ್ಲಿ ಖಾಲಿ ಬಿಟ್ಟ ಬಿಳಿ ಜಾಗಕ್ಕೆ ಯಂತ್ರದ ಬಿಡುವು ಅಂತ ಹೆಸರು. ಆ ಬಿಡುವಿನ ನಷ್ಟ ಹೊರುವುದು ಯಂತ್ರದ ಮುಂದೆ ಕೂತವರು.

ಘಟಕಗಳು ಮತ್ತೆ ತೆರೆದದ್ದು ಹಂತಹಂತವಾಗಿ. ರಿವರ್ಸ್ ಆಸ್ಮೋಸಿಸ್, ನೀರನ್ನು ಆವಿಮಾಡುವ ಯಂತ್ರಗಳು ಬಂದವು. ನೀರನ್ನೂ ಉಪ್ಪುನೀರನ್ನೂ ವಾಪಸ್ ಬಳಸುವ ವ್ಯವಸ್ಥೆ ಬಂತು. ರಾಜ್ಯ ಸರ್ಕಾರ ಬಡ್ಡಿರಹಿತ ಸಾಲ ಕೊಟ್ಟಿತು. ಪರಿಣಾಮವಾಗಿ ಒಂದು ಹೊಸ ಸಂಗತಿ ಆಯ್ತು: ಹೊರಗೆ ಹೋಗುವ ಪ್ರತಿ ಲೀಟರಿಗೂ ಶುದ್ಧೀಕರಣದ ಬೆಲೆ ಕಟ್ಟಬೇಕಾಯ್ತು. ಖರ್ಚಿನ ಪುಸ್ತಕಕ್ಕೆ ಹೊಸ ಸಾಲು ಬಂತು. ಮೇಲೆ ಹೇಳಿದ 8,000 ಲೀಟರಿಗೆ ಈಗ ರೂಪಾಯಿ ಲೆಕ್ಕ ಇದೆ. ತಿಳಿಯಿಂದ ಗಾಢಕ್ಕೆ ಅನ್ನೋ ಹಳೆಯ ನಿಯಮ ಈಗ ಸಮಯ ಉಳಿಸುವುದರ ಜೊತೆಗೆ ನೀರನ್ನೂ ಉಳಿಸುವ ನಿಯಮ ಆಯ್ತು.

7. ಇದರಿಂದ ಏನು ತಿಳೀತು?

ನಾನು ಹೇಳಬೇಕೆಂದದ್ದು ಇದು. ಹ್ಯೂರಿಸ್ಟಿಕ್‌ಗಳ ಚರಿತ್ರೆಯನ್ನು ಹುಡುಕಾಟದ ವೇಗದ ಚರಿತ್ರೆಯಾಗಿ ಮಾತ್ರ ಬರೆದರೆ 1954, 1976, 1988, 1996 ದೊಡ್ಡ ವರ್ಷಗಳು. ಗುರಿಯ ಚರಿತ್ರೆಯಾಗಿ ಬರೆದರೆ, ಕನಿಷ್ಠ ತಿರುಪ್ಪೂರಿನ ಮಟ್ಟಿಗೆ, 2011 ಅಷ್ಟೇ ದೊಡ್ಡ ವರ್ಷ. ಗುರಿಯನ್ನು ಬದಲಿಸಿದವರು ಅಲ್ಗಾರಿದಮ್ ಬರೆಯುವವರಲ್ಲ, ನದಿಯ ಕೆಳಗಿನ ರೈತರು. ಅವರು ಕೇಳಿದ್ದು ನೀರು. ಅದರಿಂದ ಬದಲಾದವುಗಳಲ್ಲಿ ಬಣ್ಣದ ಘಟಕದ ಸರದಿಯ ಲೆಕ್ಕವೂ ಒಂದು.

ಯಂತ್ರಕ್ಕೊಬ್ಬ ಯಜಮಾನ ಅನ್ನೋ ಸಂಗತಿಯೂ ಇದೇ ಬಗೆಯದು. ಅಭಿಜಿತ್ ಬ್ಯಾನರ್ಜಿ ಮತ್ತು ಕೈವನ್ ಮುನ್ಷಿ 2004ರಲ್ಲಿ ಪ್ರಕಟಿಸಿದ ತಿರುಪ್ಪೂರಿನ ಅಧ್ಯಯನ ತೋರಿಸಿದ್ದು: ಸ್ಥಳೀಯ ಗೌಂಡರ್ ಮಾಲೀಕರ ಬಳಿ ಬಂಡವಾಳ ಹೆಚ್ಚು, ಆದರೆ ಕಡಿಮೆ ಬಂಡವಾಳದಿಂದ ಶುರುಮಾಡಿದ ಹೊರಗಿನವರ ರಫ್ತು ಬೆಳೆದದ್ದು ಹೆಚ್ಚು ವೇಗವಾಗಿ. ಬಂಡವಾಳ ಹರಿದದ್ದು ದಕ್ಷತೆಯ ದಾರಿಯಲ್ಲಲ್ಲ, ನೆಂಟಸ್ತಿಕೆ ಮತ್ತು ನಂಬಿಕೆಯ ದಾರಿಯಲ್ಲಿ. ಬಂಡವಾಳದ ಕಥೆಯೇ ಹೀಗಿದ್ದರೆ, ಯಾರ ಲಾಟ್ ಯಾರ ಯಂತ್ರದ ಮುಂದೆ ಮೊದಲು ನಿಲ್ಲುತ್ತೆ ಅನ್ನೋದನ್ನು ಬರೀ ಸಂಸ್ಕರಣಾ ಸಮಯ ನಿರ್ಧರಿಸುತ್ತೆ ಅಂತ ನಾವು ಹೇಗೆ ನಂಬೋದು?

ಚರ್ಚೆಯಿಂದ

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿ): ಸರ್, ಟ್ಯಾಬೂ, ಜೆನೆಟಿಕ್ ಅಂತೆಲ್ಲ ಹೇಳಿದ್ರಿ. ಚಿಕ್ಕ ಜಾಬ್ ವರ್ಕ್ ಘಟಕದಲ್ಲಿ ಇವನ್ನು ನಿಜವಾಗಿ ಬಳಸ್ತಾರಾ?

ಉತ್ತರ: ಅಲ್ಲಿ ನಡೆಯೋದು ಹೆಚ್ಚಾಗಿ ಸರದಿ ನಿಯಮಗಳೇ: ಗಡುವು, ಬಣ್ಣದ ಕ್ರಮ, ಯಾರು ಹಳೆಯ ಗಿರಾಕಿ, ಯಾರು ಬಾಕಿ ತೀರಿಸಿದ್ದಾರೆ. ರಫ್ತುದಾರರ ಕಡೆ ಮರ್ಚಂಡೈಸರ್ ಒಂದು ಎಕ್ಸೆಲ್ ಪಟ್ಟಿ, ಒಂದು ಫೋನ್ ಹಿಡಿದು ಎಲ್ಲ ಘಟಕಗಳನ್ನೂ ಹೊಂದಿಸ್ತಾರೆ. ಅದನ್ನು ನಾವು ಕೀಳಾಗಿ ನೋಡಬಾರದು. ಯಂತ್ರ ಕೆಡುತ್ತೆ, ಶೇಡ್ ಸರಿ ಬರದೆ ಮತ್ತೆ ಬಣ್ಣ ಹಾಕಬೇಕಾಗುತ್ತೆ. ಬೆಳಿಗ್ಗೆ ಮಾಡಿದ ಅತ್ಯುತ್ತಮ ವೇಳಾಪಟ್ಟಿ ಮಧ್ಯಾಹ್ನಕ್ಕೆ ಹಳೆಯದು. ಇಂಥ ಕಡೆ ಒಳ್ಳೆಯ ಸರದಿ ನಿಯಮ ದೊಡ್ಡ ಹುಡುಕಾಟಕ್ಕಿಂತ ಎಷ್ಟೋ ಸಲ ಹೆಚ್ಚು ಬಾಳಿಕೆ ಬರುತ್ತೆ.

ಪ್ರಶ್ನೆ (ಅಧ್ಯಾಪಕರು): ಬಣ್ಣದ ಸರದಿ ಸರಿಮಾಡಿದರೆ ನದಿ ಉಳೀತದೆ ಅನ್ನೋ ಅರ್ಥ ಬರೋದಿಲ್ಲವೇ?

ಉತ್ತರ: ಹಾಗೆ ಅರ್ಥ ಬರಬಾರದು ಮೇಡಂ. ಸರದಿಯಿಂದ ಉಳಿಯೋದು ನಡುವೆ ಯಂತ್ರ ತೊಳೆಯುವ ನೀರು ಮಾತ್ರ. ಬಣ್ಣ ಹಾಕೋಕೆ, ಬಟ್ಟೆ ಜಾಲಿಸೋಕೆ ಬೇಕಾದ ನೀರು, ಮತ್ತು ಆ ಉಪ್ಪು, ಯಾವ ಸರದಿಯಲ್ಲಿ ಹೋದರೂ ಇದ್ದೇ ಇರುತ್ತೆ. ಅದಕ್ಕೆ ಸಂಸ್ಕರಣೆಯೇ ಬೇಕು, ಕಾನೂನೇ ಬೇಕು. ನಾನು ಆ ಲೆಕ್ಕ ತೋರಿಸಿದ್ದು ನೀರು ಎಲ್ಲಿ ಅಡಗಿ ಕೂತಿತ್ತು ಅನ್ನೋದನ್ನ ಹೇಳೋಕೆ. ಅದನ್ನೇ ಪರಿಹಾರ ಅಂತ ಮಾರೋದು ಮೋಸ ಆಗುತ್ತೆ.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ಇದರ ಮೇಲೆ ಕೆಲಸ ಮಾಡಬೇಕಾದರೆ ಎಲ್ಲಿಂದ ಶುರುಮಾಡಬೇಕು?

ಉತ್ತರ: ಹೊಸ ಅಲ್ಗಾರಿದಮ್ಮಿನಿಂದ ಬೇಡ, ಹೊಸ ಮಾದರಿ ಸಮಸ್ಯೆಯಿಂದ ಶುರುಮಾಡಿ. ಒಂದು ಡೈಯಿಂಗ್ ಘಟಕದ ಅನುಮತಿ ಪಡೆದು ಒಂದು ತಿಂಗಳ ಲಾಟ್ ಪುಸ್ತಕ ನೋಡಿ. ಯಾವ ಬಣ್ಣದ ನಂತರ ಯಾವ ಬಣ್ಣ, ನಡುವೆ ಎಷ್ಟು ನಿಮಿಷ, ಎಷ್ಟು ಲೀಟರ್, ಮತ್ತು ಆ ಲಾಟ್ ತಡವಾದಾಗ ಹೊಲಿಗೆಯವರು ಎಷ್ಟು ಗಂಟೆ ಕಾದರು, ಎಷ್ಟು ಗಂಟೆ ಹೆಚ್ಚು ಕೂತರು ಅಂತ ಬರೆದುಕೊಳ್ಳಿ. ಫಿಶರ್ ಮತ್ತು ಥಾಮ್ಸನ್ ಕೊಟ್ಟ ಸಮಸ್ಯೆ ಒಂದು ಪುಟದಷ್ಟೂ ಇರಲಿಲ್ಲ. ಆದರೂ 26 ವರ್ಷ ಜನ ಅದನ್ನು ಬಿಡಲಿಲ್ಲ. ನಿಮ್ಮ ಪಟ್ಟಿಯಲ್ಲಿ ಎರಡರ ಬದಲು ನಾಲ್ಕು ಕಾಲಂ ಇರಲಿ. ಅದನ್ನು ಬಿಡಿಸೋಕೆ ವಿಧಾನಗಳು ಈಗಾಗಲೇ ಬೇಕಾದಷ್ಟಿವೆ.